ಕ್ಲೋರೋಫಾರ್ಮ್ ಫಿಲ್ಮ್‌ಗೂ ಟಾಲುಯೀನ್ ಫಿಲ್ಮ್‌ಗೂ ಬಿಎಸ್‌ಎ ಬೇರೆ ಬೇರೆ ಪ್ರಮಾಣದಲ್ಲಿ ಅಂಟುವುದೇಕೆ?

ಬಿಎಸ್‌ಎ ಅಂದರೆ ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್. ಎರಡು ಫಿಲ್ಮ್‌ಗಳಲ್ಲೂ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಒಂದೇ, ಅದನ್ನು ಕರಗಿಸಿದ ದ್ರಾವಕ ಮಾತ್ರ ಬೇರೆ. ಯಾವ ದ್ರಾವಕ ವಾಸಿ ಅಂತಲೂ ಕೇಳಿದ್ದೀರಿ. ಇದೇ ಗುಂಡಿಗೆ ನಾನೂ ಬಿದ್ದವನು, ಅದಕ್ಕೇ ಹೇಳುತ್ತೇನೆ: ಪ್ರಶ್ನೆಯೇ ತಪ್ಪು. ಫಿಲ್ಮ್ ಹೇಗೆ ಒಣಗಿತು ಅಂತ ಮೊದಲು ನೋಡಿ.

ಗಾಜಿನ ಮೇಲೆ ಸುರಿದ ಫಿಲ್ಮನ್ನು ರಾತ್ರಿಯಿಡೀ ಫ್ಯೂಮ್ ಹುಡ್‌ನಲ್ಲಿ (ಆವಿಯನ್ನು ಹೊರಗೆಳೆಯುವ ಕಪಾಟಿನಲ್ಲಿ) ಇಟ್ಟು, ಬೆಳಿಗ್ಗೆ ಮುಟ್ಟಿ ನೋಡಿ ಒಣಗಿದೆ ಅಂದುಕೊಂಡದ್ದೇ ನನ್ನ ತಪ್ಪು. ಟಾಲುಯೀನ್ ಕುದಿಯುವುದು 110.6 ಡಿಗ್ರಿ ಸೆಲ್ಸಿಯಸ್‌ಗೆ. ಅದು ಹೊರಹೋದಂತೆಲ್ಲ ಪಾಲಿಮರ್ ಬಿಗಿಯುತ್ತದೆ, ಮೇಲ್ಪದರ ಗಾಜಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಸರಪಳಿಗಳು ಮಿಸುಕಾಡುವುದಿಲ್ಲ, ಒಳಗುಳಿದ ಟಾಲುಯೀನ್‌ಗೆ ದಾರಿ ಸಿಗುವುದಿಲ್ಲ. ಕೈಗೆ ಒಣ, ಒಳಗೆ ಹಸಿ. ಬಫರ್‌ಗೆ (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣಕ್ಕೆ) ಹಾಕಿದ ಮೇಲೆ ಅದು ನಿಧಾನವಾಗಿ ಸೋರುತ್ತಾ ಪ್ರಯೋಗದ ನಡುವೆಯೇ ಮೇಲ್ಮೈಯನ್ನು ಬದಲಿಸುತ್ತದೆ. ಸಾಲದ್ದಕ್ಕೆ ಬಿಎಸ್‌ಎ ಜಿಡ್ಡಿನ ಸ್ವಭಾವದ ಅಣುಗಳನ್ನು ಹಿಡಿದುಕೊಳ್ಳುವ ಪ್ರೋಟೀನ್!

ಕ್ಲೋರೋಫಾರ್ಮ್‌ನ ಕಾಟ ಇದಕ್ಕೆ ಉಲ್ಟಾ. 61 ಡಿಗ್ರಿಗೇ ಕುದಿಯುವ ದ್ರಾವಕ ಸರ್ರನೆ ಹಾರಿಹೋಗುತ್ತದೆ, ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಹನಿಗಟ್ಟುತ್ತದೆ, ಹನಿ ಆರಿದ ಜಾಗದಲ್ಲಿ ಕುಳಿ. ಫಿಲ್ಮ್ ಮಂಜು ಕವಿದಂತೆ ಬೆಳ್ಳಗಿದೆಯೇ? ಹಾಗಾದರೆ ಬಿಎಸ್‌ಎ ಹೆಚ್ಚು ಅಂಟಲು ಕಾರಣ ಕುಳಿಗಳಿಂದ ಹೆಚ್ಚಾದ ವಿಸ್ತೀರ್ಣ. ಪ್ರೋಟೀನ್‌ಗೆ ಕ್ಲೋರೋಫಾರ್ಮ್ ಮೇಲೇನೂ ಪ್ರೀತಿಯಿಲ್ಲ. ಒಣ ನೈಟ್ರೋಜನ್ ಹಾಯಿಸಿ, ಮುಚ್ಚಳ ಅರೆತೆರೆದು ನಿಧಾನ ಒಣಗಿಸಿ.

ಎರಡೂ ಫಿಲ್ಮ್‌ಗಳಿಗೆ ಒಂದೇ ಉಪಚಾರ: ವ್ಯಾಕ್ಯೂಮ್ ಓವನ್‌ನಲ್ಲಿ 60 ಡಿಗ್ರಿಗೆ 24 ಗಂಟೆ, ಆಮೇಲೆ 120 ಡಿಗ್ರಿಗೆ 12 ಗಂಟೆ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಸಡಿಲವಾಗುವುದರಿಂದ ಅದನ್ನು ದಾಟಲೇಬೇಕು. ಆದರೆ ಒಮ್ಮೆಗೇ ಏರಿಸಿದರೆ ಗುಳ್ಳೆ ಏಳುತ್ತದೆ. ತೂಕ ಇಳಿಯುವುದು ನಿಲ್ಲುವವರೆಗೆ ಮುಂದುವರಿಸಿ. ಸಿಲಿಕಾನ್ ಮೇಲಿನ 100 ನ್ಯಾನೋಮೀಟರ್‌ಗಿಂತ ತೆಳು ಫಿಲ್ಮ್ ಆದರೆ ಹುಷಾರು, ಈ ಶಾಖಕ್ಕೆ ಹರಿದು ಹನಿಹನಿಯಾಗಬಹುದು. ಬಳಿಕ ಒಂದು ಫಿಲ್ಮನ್ನು ಬರೀ ಬಫರ್‌ನಲ್ಲಿ ಒಂದು ಗಂಟೆ ನೆನೆಸಿ, ಆ ಬಫರ್ ಎಷ್ಟು ಯುವಿ (ಅತಿನೇರಳೆ) ಬೆಳಕು ಹೀರುತ್ತದೆ ನೋಡಿ. 261 ನ್ಯಾನೋಮೀಟರ್ ಹತ್ತಿರ ಗುಡ್ಡ ಕಂಡರೆ ಟಾಲುಯೀನ್ ಇನ್ನೂ ಇದೆ.

ಫಿಲ್ಮ್ ಕರಗಿಸುವ ದ್ರಾವಕ ಬದಲಿಸುವುದು ಒಂದು ಪ್ರಯೋಗ, ಬಫರ್‌ಗೇ ಡಿಎಂಎಸ್‌ಓ (ಡೈಮೀಥೈಲ್ ಸಲ್ಫಾಕ್ಸೈಡ್) ಅಥವಾ ಎಥನಾಲ್‌ನಂಥ ದ್ರಾವಕ ಸೇರಿಸುವುದು ಬೇರೆಯೇ ಪ್ರಯೋಗ. ಎಥನಾಲ್ ಜಲವಿಕರ್ಷಕ ಸೆಳೆತವನ್ನು (ನೀರಿಗೆ ಒಗ್ಗದ ಭಾಗಗಳು ಪರಸ್ಪರ ಅಂಟುವುದನ್ನು) ತಗ್ಗಿಸುತ್ತದೆ, ಹೆಚ್ಚಾದರೆ ಪ್ರೋಟೀನನ್ನೇ ಬಿಚ್ಚುತ್ತದೆ. ಈ ಎರಡು ಪ್ರಯೋಗಗಳನ್ನು ಒಂದೇ ಗ್ರಾಫ್‌ನಲ್ಲಿ ಬೆರೆಸಬೇಡಿ.

ಇನ್ನೊಂದು ಲೆಕ್ಕ. ಬಿಎಸ್‌ಎ ಒಂದು ಪದರ ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 0.2ರಿಂದ 0.3 ಮೈಕ್ರೋಗ್ರಾಂ. ಕನಿಷ್ಠ 10 ಚದರ ಸೆಂಟಿಮೀಟರ್ ತೆಗೆದುಕೊಂಡು, ಅಂಟಿದ ಪ್ರೋಟೀನನ್ನು 1% ಎಸ್‌ಡಿಎಸ್ (ಒಂದು ಮಾರ್ಜಕ) ದ್ರಾವಣದ ಅರ್ಧ ಮಿಲಿಲೀಟರ್‌ನಲ್ಲಿ ಬಿಡಿಸಿ, ಮೈಕ್ರೋ ಬಿಸಿಎ (ಬಣ್ಣದಿಂದ ಅತ್ಯಲ್ಪ ಪ್ರೋಟೀನನ್ನೂ ಅಳೆಯುವ ಪರೀಕ್ಷೆ) ಮಾಡಿ. ಮಾಮೂಲಿ ಬಿಸಿಎಗೆ ಅಷ್ಟು ಕಡಿಮೆ ಪ್ರೋಟೀನ್ ಕಾಣದು. ಇದಕ್ಕೂ ಮೊದಲು, ತೊಳೆಯುವಾಗ ಫಿಲ್ಮನ್ನು ಪ್ರೋಟೀನ್ ದ್ರಾವಣದಿಂದ ಮೇಲೆತ್ತಬೇಡಿ. ನೀರಿನ ಮೇಲೆ ಕೆನೆಗಟ್ಟಿದ ಪ್ರೋಟೀನ್ ಹಾಗೇ ಅಂಟಿಕೊಂಡು ಬರುತ್ತದೆ. ಮುಳುಗಿಸಿಟ್ಟೇ ಐದಾರು ಸಲ ಬಫರ್ ಬದಲಿಸಿ.