ಕ್ಲೌಡ್‌ನ ಅಗ್ಗದ ಸರ್ವರ್ ಅರ್ಧ ಗಂಟೆ ಚುರುಕಾಗಿದ್ದು ಆಮೇಲೆ ತೆವಳುವುದೇಕೆ?

ಕೆಟ್ಟಿಲ್ಲ, ಕೊಟ್ಟ ದುಡ್ಡಿಗೆ ಸಿಗುವುದೇ ಅಷ್ಟು. ಅಮೆಜಾನ್ 2014ರಲ್ಲಿ ತಂದ ಟಿ2 ಎಂಬ ಬಾಡಿಗೆ ಸರ್ವರ್‌ಗಳ ಸರಣಿಯನ್ನೇ ನೋಡಿ. ಒಂದೇ ಯಂತ್ರವನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ. ಎಲ್ಲರಿಗೂ ಒಮ್ಮೆಗೇ ಪೂರ್ತಿ ವೇಗ ಬೇಕಾಗುವುದಿಲ್ಲ ಎಂಬ ಲೆಕ್ಕಾಚಾರದಿಂದಲೇ ಬೆಲೆ ಇಷ್ಟು ಕಡಿಮೆ.

ಹಂಚಿಕೆಯ ಅಳತೆ ಸಿಪಿಯು ಕ್ರೆಡಿಟ್. ಒಂದು ವರ್ಚುವಲ್ ಸಿಪಿಯು (ಯಂತ್ರದ ಪ್ರೊಸೆಸರ್‌ನಲ್ಲಿ ಗ್ರಾಹಕರಿಗೆ ಸಿಗುವ ಪಾಲು) ಒಂದು ನಿಮಿಷ ಪೂರ್ತಿ ದುಡಿದರೆ ಒಂದು ಕ್ರೆಡಿಟ್ ಖರ್ಚು. ಈ ಸರಣಿಯ ಪುಟ್ಟ ಸರ್ವರ್ ಟಿ2 ಮೈಕ್ರೋಗೆ ಗಂಟೆಗೆ 6 ಕ್ರೆಡಿಟ್ ಜಮೆಯಾಗುತ್ತದೆ, ಅಂದರೆ ಶೇ 10ರಷ್ಟು ವೇಗಕ್ಕೆ ಸಾಕಾಗುವಷ್ಟು. ಸುಮ್ಮನಿದ್ದರೆ 144ರವರೆಗೆ ಕೂಡಿಡಬಹುದು. ಸಣ್ಣಗೆ ಸುರಿಯುವ ನಲ್ಲಿಯಿಂದ ತುಂಬುವ ಟ್ಯಾಂಕಿನಂತೆ ಇದು: ಒಮ್ಮೆಗೇ ಬಳಸಿ ಬರಿದು ಮಾಡಿದರೆ ಆಮೇಲೆ ನಲ್ಲಿಯ ಧಾರೆಯಷ್ಟೇ ಗತಿ. ಹೊಸ ಸರ್ವರ್‌ಗೆ ಆರಂಭದಲ್ಲಿ 30 ಕ್ರೆಡಿಟ್ ಪುಕ್ಕಟೆ ಕೊಡುತ್ತಾರೆ. ನಿಮ್ಮ ಅರ್ಧ ಗಂಟೆಯ ಗುಟ್ಟು ಅದೇ.

ನಂತರ ಬಂದ ಟಿ3 ಸರಣಿಯಲ್ಲಿ ಕ್ರೆಡಿಟ್ ಮುಗಿದರೂ ವೇಗ ಇಳಿಯದಂತೆ ಮೊದಲೇ ಹೊಂದಿಸಿರುತ್ತಾರೆ. ಖುಷಿಪಡಬೇಡಿ, ಅದು ಕ್ರೆಡಿಟ್‌ನ ಸಾಲ. ದಿನದ ಗಳಿಕೆಯಲ್ಲಿ ತೀರದಿದ್ದರೆ ಬಿಲ್ಲಿಗೆ ಸೇರುತ್ತದೆ. ಆಗೊಮ್ಮೆ ಈಗೊಮ್ಮೆ ಓದುಗರು ಬರುವ ಜಾಲತಾಣಕ್ಕೆ ಇಂಥ ಸರ್ವರ್ ಧಾರಾಳ. ದಿನವಿಡೀ ವಿಡಿಯೊ ಸಂಸ್ಕರಿಸುವವರು ಇದರ ತಂಟೆಗೇ ಹೋಗಬಾರದು.