ಇಂಗಾಲದ ಲೆಕ್ಕ ಬರೆಯುವವರು ಯಾರು, ಒಪ್ಪುವವರು ಯಾರು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪೀಣ್ಯದಲ್ಲಿ ನಮ್ಮದು ಸಿಎನ್‌ಸಿ ಮಷಿನ್ ಶಾಪ್. ನಮ್ಮಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿ ಈ ಸಲ ನಮ್ಮ ಕಾರ್ಬನ್ ಫುಟ್‌ಪ್ರಿಂಟ್ (ವರ್ಷದ ಇಂಗಾಲ ಹೊರಸೂಸುವಿಕೆಯ ಲೆಕ್ಕ) ಕೇಳಿದೆ. ಮೂರು ಸಂಸ್ಥೆಗಳಿಂದ ಕೊಟೇಶನ್ ತರಿಸಿದೆವು. ಒಂದರ ದರ ಇನ್ನೊಂದರ ನಾಲ್ಕು ಪಟ್ಟು. ಒಬ್ಬರಂತೂ ಲೆಕ್ಕ, ದೃಢೀಕರಣ, ಪ್ರಮಾಣಪತ್ರ ಮೂರನ್ನೂ ತಾವೇ ಕೊಡುತ್ತೇವೆ ಅನ್ನುತ್ತಾರೆ. ಯಾರನ್ನು ಆರಿಸುವುದು?

ಮೂರನ್ನೂ ತಾವೇ ಕೊಡುತ್ತೇವೆ ಅನ್ನುವವರನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಖಾತೆ ಬರೆದವರೇ ಆಡಿಟರ್ ಆಗಿ ಸಹಿ ಹಾಕಿದರೆ ಬ್ಯಾಂಕು ಒಪ್ಪುತ್ತದೆಯೇ? ಇಲ್ಲೂ ಹಾಗೆಯೇ. ಈ ಕ್ಷೇತ್ರದಲ್ಲಿ ಮೂರು ಬೇರೆ ಬೇರೆ ಕಸುಬುಗಳಿವೆ. ಲೆಕ್ಕ ಕಟ್ಟುವ ಸಲಹಾ ಸಂಸ್ಥೆ ಹಸಿರುಮನೆ ಅನಿಲಗಳ ಲೆಕ್ಕದ ಮಾನದಂಡಗಳಾದ ಜಿಎಚ್‌ಜಿ ಪ್ರೋಟೊಕಾಲ್ ಅಥವಾ ಐಎಸ್‌ಒ 14064-1ರ ಪ್ರಕಾರ ನಿಮ್ಮ ಹೊರಸೂಸುವಿಕೆಯ ಪಟ್ಟಿ ತಯಾರಿಸುತ್ತದೆ. ಎನರ್ಜಿ ಆಡಿಟರ್ ಉಪಕರಣ ಹಿಡಿದು ಕಾರ್ಖಾನೆಯೊಳಗೆ ಬಂದು ವಿದ್ಯುತ್ತು, ಉಗಿ, ಗಾಳಿ ಎಲ್ಲಿ ಪೋಲಾಗುತ್ತಿದೆ ಎಂದು ಅಳೆಯುತ್ತಾರೆ. ಇವರು ಇಂಧನ ದಕ್ಷತೆ ಬ್ಯೂರೊದ (ಬಿಇಇ) ಪರೀಕ್ಷೆ ಪಾಸಾದವರಾಗಿರಬೇಕು. ಮೂರನೆಯವರು ವೆರಿಫೈಯರ್. ಐಎಸ್‌ಒ 14064-3ರ ಪ್ರಕಾರ ಲೆಕ್ಕವನ್ನು ಪರಿಶೀಲಿಸಿ ಹೇಳಿಕೆ ಕೊಡುವವರು. ಇವರಿಗೆ ಐಎಸ್‌ಒ 14065ರ ಮಾನ್ಯತೆ ಇದೆಯೇ ಎಂದು ಕೇಳಿ.

ಸಿಡಿಪಿ, ಎಸ್‌ಬಿಟಿಐ ಹೆಸರುಗಳೂ ಕೊಟೇಶನ್‌ಗಳಲ್ಲಿ ಕಾಣುತ್ತವೆ. ಸಿಡಿಪಿ ಪ್ರಶ್ನಾವಳಿ ಕೊಟ್ಟು ಉತ್ತರಕ್ಕೆ ಅಂಕ ಹಾಕುತ್ತದೆ. ಎಸ್‌ಬಿಟಿಐ ಹೊರಸೂಸುವಿಕೆ ಇಳಿಸಲು ನೀವು ಇಟ್ಟುಕೊಂಡ ಗುರಿಯನ್ನು ಪರಿಶೀಲಿಸುತ್ತದೆ. ಇವೆರಡೂ ನಿಮ್ಮ ಕಾರ್ಖಾನೆಗೆ ಬಂದು ಲೆಕ್ಕ ಮಾಡಿಕೊಡುವುದಿಲ್ಲ.

ನಿಮ್ಮ ಗ್ರಾಹಕ ಕಂಪನಿ ಕೇಳುವುದಕ್ಕೆ ಕಾರಣವಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಯ ಕುರಿತ) ವರದಿ ಕೊಡಲೇಬೇಕು. ಅಂಥ ಕಂಪನಿಗಳು ಪೂರೈಕೆದಾರರ ಅಂಕಿಗಳನ್ನೂ ಕೇಳತೊಡಗಿವೆ. ಬಹುತೇಕ ಸಂದರ್ಭದಲ್ಲಿ ಅವರಿಗೆ ಬೇಕಾಗಿರುವುದು ಸ್ಕೋಪ್ 1 (ನೀವೇ ಸುಡುವ ಇಂಧನ, ಸೋರುವ ಅನಿಲ) ಮತ್ತು ಸ್ಕೋಪ್ 2 (ಕೊಂಡ ವಿದ್ಯುತ್ತು). ಪತ್ರದಲ್ಲಿ ಯಾವುದು ಬರೆದಿದೆ ನೋಡಿ. 15 ವಿಭಾಗಗಳ ಸ್ಕೋಪ್ 3 (ಕಚ್ಚಾ ಮಾಲು, ಸಾಗಣೆಯಂಥ ನಿಮ್ಮ ಕಾರ್ಖಾನೆಯ ಹೊರಗಿನ ಹೊರಸೂಸುವಿಕೆ) ಸೇರಿಸಿ ಕೊಟೇಶನ್ ಕೊಟ್ಟಿದ್ದರೆ ದರ ಏರಿದ್ದು ಅದಕ್ಕೇ ಇರಬಹುದು.

ಕೊಟೇಶನ್ ಒಪ್ಪುವ ಮುಂಚೆ ಒಂದು ದಿನ ಕೂತು ನೀವೇ ಲೆಕ್ಕ ಹಾಕಿ. ಮಾರ್ಚ್‌ವರೆಗಿನ 12 ತಿಂಗಳ ಬಿಲ್ಲು ಸಾಕು. ಉದಾಹರಣೆಗೆ ವರ್ಷಕ್ಕೆ 4,80,000 ಯೂನಿಟ್ ವಿದ್ಯುತ್ತು ಎಂದುಕೊಳ್ಳಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಗ್ರಿಡ್ ಅಂಕಿ ಇತ್ತೀಚೆಗೆ ಯೂನಿಟ್ಟಿಗೆ 0.72 ಕೆಜಿ ಇಂಗಾಲದ ಡೈಆಕ್ಸೈಡಿನ ಆಸುಪಾಸಿದೆ. ಅಲ್ಲಿಗೆ ಸುಮಾರು 346 ಟನ್. ಜನರೇಟರಿಗೆ 6,000 ಲೀಟರ್ ಡೀಸೆಲ್, ಲೀಟರಿಗೆ 2.68 ಕೆಜಿಯಂತೆ 16 ಟನ್. ಎಸಿಗೆ 4 ಕೆಜಿ ಆರ್-410ಎ ಗ್ಯಾಸ್ ತುಂಬಿಸಿದ್ದರೆ ಅಷ್ಟೂ ಸೋರಿಹೋಗಿತ್ತು ಎಂದರ್ಥ. ಅದರ ತಾಪಬಲ ಇಂಗಾಲದ ಡೈಆಕ್ಸೈಡಿಗಿಂತ 2,000 ಪಟ್ಟಿನ ಆಸುಪಾಸು, ಅಂದರೆ 8 ಟನ್. ನಾಲ್ಕೇ ಕೆಜಿ ಗ್ಯಾಸು 3,000 ಲೀಟರ್ ಡೀಸೆಲ್ ಸುಟ್ಟಷ್ಟಾಯಿತು! ಎಸಿ ಮೆಕ್ಯಾನಿಕ್ ಕೊಟ್ಟ ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ತೂಕ ಬರೆಸಿಕೊಳ್ಳಿ. 'ಗ್ಯಾಸ್ ಟಾಪ್‌ಅಪ್' ಎಂದಷ್ಟೇ ಇದ್ದರೆ ಏನೂ ಮಾಡಲಾಗದು.

ಇನ್ನು ಸಂಸ್ಥೆಯ ಕರಡು ವರದಿ ಬಂದಾಗ ಎರಡು ಕಡೆ ಕಣ್ಣಿಡಿ. ಮೊದಲನೆಯದು, ವಿದ್ಯುತ್ತಿಗೆ ಬ್ರಿಟನ್ನಿನ ಅಂಕಿ ಹಾಕಿಬಿಡುವುದು. ಸಿದ್ಧ ಸಾಫ್ಟ್‌ವೇರ್‌ಗಳಲ್ಲಿ ಇದು ಆಗುತ್ತದೆ. ಅಲ್ಲಿನ ಗ್ರಿಡ್ ಅಂಕಿ 0.2ರ ಸುತ್ತಮುತ್ತ, ಹಾಗಾಗಿ ನಿಮ್ಮ 346 ಟನ್ ನೂರಕ್ಕೆ ಇಳಿದುಬಿಡುತ್ತದೆ, ವೆರಿಫೈಯರ್ ಬಂದಾಗ ಸಿಕ್ಕಿಬೀಳುತ್ತೀರಿ. ಎರಡನೆಯದು, ಬಿಲ್ಲಿನ ಬದಲು ಪ್ಯಾನೆಲ್ ಮೀಟರಿನ ರಿಜಿಸ್ಟರ್ ನೋಡಿ ಬರೆದಿದ್ದರೆ ಗುಣಾಂಕ ಬಿಟ್ಟಿರುವ ಸಾಧ್ಯತೆ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ಮೀಟರಿನಲ್ಲಿ ರೀಡಿಂಗ್ ವ್ಯತ್ಯಾಸವನ್ನು ಆ ಗುಣಾಂಕದಿಂದ ಗುಣಿಸಬೇಕು.

ಬೆಳಗಾವಿಯಲ್ಲಿ ಫೌಂಡ್ರಿ ಇದೆ. ಜರ್ಮನಿಯ ಗ್ರಾಹಕರು ಸಿಬಿಎಎಂ ಮಾಹಿತಿ ಕೇಳುತ್ತಿದ್ದಾರೆ. ಇಂಡಕ್ಷನ್ ಫರ್ನೇಸ್ ಬಳಸುವ ನಮಗೂ ಈ ಕಾರ್ಬನ್ ಸುಂಕ ಅನ್ವಯಿಸುತ್ತದೆಯೇ?

ಮೊದಲು ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕನ್ನು ಗುರುತಿಸುವ ಸಂಖ್ಯೆ) ನೋಡಿ. ಐರೋಪ್ಯ ಒಕ್ಕೂಟದ ಸಿಬಿಎಎಂ 2023ರ ಅಕ್ಟೋಬರ್ 1ರಿಂದ ಬರೀ ವರದಿಯ ಹಂತದಲ್ಲಿತ್ತು, 2026ರ ಜನವರಿ 1ರಿಂದ ಪೂರ್ಣ ಜಾರಿಯಾಗಿದೆ. ಪೈಪ್ ಫಿಟ್ಟಿಂಗ್‌ಗಳು (7307), ನಟ್ಟು ಬೋಲ್ಟುಗಳು (7318), ಇತರ ಉಕ್ಕಿನ ವಸ್ತುಗಳು (7326) ಮೂಲ ಪಟ್ಟಿಯಲ್ಲಿವೆ. ಎರಕದ ಸಾಮಾನುಗಳ 7325 ಅದರಲ್ಲಿಲ್ಲ. ಪಟ್ಟಿ ಮುಂದೆ ಹಿಗ್ಗಬಹುದು, ಆದ್ದರಿಂದ ಪ್ರತಿ ವರ್ಷ ನೋಡಿಕೊಳ್ಳಿ. ಆಮದುದಾರರು ವರ್ಷಕ್ಕೆ ಒಟ್ಟು 50 ಟನ್ನಿಗಿಂತ ಕಡಿಮೆ ಇಂಥ ಸರಕು ತರಿಸುವುದಾದರೆ ಅವರಿಗೆ ವಿನಾಯಿತಿಯೂ ಇದೆ.

ಪಟ್ಟಿಯಲ್ಲಿದ್ದೀರಿ ಎಂದಾದರೂ ಕಬ್ಬಿಣ-ಉಕ್ಕಿಗೆ ಸದ್ಯ ಎಣಿಸುವುದು ನೇರ ಹೊರಸೂಸುವಿಕೆ ಮಾತ್ರ, ನೀವು ಕೊಂಡ ವಿದ್ಯುತ್ತಿನದಲ್ಲ. ಕಚ್ಚಾ ಮಾಲಿನಲ್ಲಿ ಸ್ಕ್ರ್ಯಾಪಿಗೆ ಸೊನ್ನೆ. ಪಿಗ್ ಐರನ್‌ಗೆ ಅದನ್ನು ತಯಾರಿಸಿದ ಕುಲುಮೆಯ ಹೊರೆ ಅಂಟಿಕೊಂಡೇ ಬರುತ್ತದೆ. ಹಾಗಾಗಿ ಪಿಗ್ ಐರನ್ ಕೊಡುವವರಿಂದ ಅಂಕಿ ತರಿಸಿಕೊಳ್ಳುವುದೇ ನಿಮ್ಮ ದೊಡ್ಡ ಕೆಲಸ. ಅದು ಸಿಗದಿದ್ದರೆ ಒಕ್ಕೂಟ ನಿಗದಿ ಮಾಡಿದ ಡೀಫಾಲ್ಟ್ ಮೌಲ್ಯ ಹಾಕಬೇಕಾಗುತ್ತದೆ, ಅದು ಸಾಮಾನ್ಯವಾಗಿ ದುಬಾರಿ. ಕಾರ್ಬುರೈಸರ್ (ಕರಗಿದ ಲೋಹಕ್ಕೆ ಇಂಗಾಲ ಸೇರಿಸಲು ಹಾಕುವ ವಸ್ತು) ವಿಷಯದಲ್ಲಿ ಅನೇಕ ಸಲಹೆಗಾರರು ತಪ್ಪುತ್ತಾರೆ. ಹಾಕಿದ ಅಷ್ಟೂ ಇಂಗಾಲ ಸುಟ್ಟುಹೋಯಿತೆಂದು ಲೆಕ್ಕ ಬರೆಯುತ್ತಾರೆ. ಅದರ ಬಹುಪಾಲು ಕರಗಿ ಎರಕದಲ್ಲೇ ಉಳಿಯುತ್ತದಲ್ಲ! ಒಳಗೆ ಹೋದ ಇಂಗಾಲದಿಂದ ಎರಕದೊಳಗೆ ಉಳಿದದ್ದನ್ನು ಕಳೆಯಬೇಕು. ಲೋಹದಲ್ಲಿನ ಇಂಗಾಲದ ಪ್ರಮಾಣ ತೋರಿಸುವ ಸ್ಪೆಕ್ಟ್ರೋಮೀಟರ್ ವರದಿ ಅದಕ್ಕೆ ದಾಖಲೆ.

ಗ್ರಾಹಕರು ಕೇಳಿದ್ದು ಸಿಬಿಎಎಂ ಅಲ್ಲದೆ ಐಎಸ್‌ಒ 14067ರ ಉತ್ಪನ್ನ ಫುಟ್‌ಪ್ರಿಂಟ್ ಆಗಿದ್ದರೆ ಮಾತ್ರ ಕತೆ ಬೇರೆ. ಅಲ್ಲಿ ವಿದ್ಯುತ್ತೇ ಮುಖ್ಯ. ಕರಗಿಸಿದ ಟನ್ನಿಗೆ 600 ಯೂನಿಟ್ ಹಿಡಿಯುತ್ತದೆ ಎಂದುಕೊಳ್ಳಿ. ರನ್ನರ್, ರೈಸರ್ (ಅಚ್ಚಿಗೆ ಲೋಹ ಹರಿಸುವ ದಾರಿಗಳಲ್ಲಿ ಉಳಿಯುವ ಭಾಗ) ಕಳೆದು ಯೀಲ್ಡ್ (ಕೈಗೆ ಬರುವ ಎರಕದ ಪಾಲು) ಶೇ 60 ಇದ್ದರೆ, ಒಳ್ಳೆಯ ಎರಕದ ಟನ್ನಿಗೆ 1,000 ಯೂನಿಟ್ ಬಿತ್ತು. ಯೀಲ್ಡನ್ನು ಶೇ 68ಕ್ಕೆ ತಂದರೆ ಅದೇ 882ಕ್ಕೆ ಇಳಿಯುತ್ತದೆ, ಟನ್ನಿಗೆ 85 ಕೆಜಿ ಇಂಗಾಲದ ಡೈಆಕ್ಸೈಡ್ ಉಳಿತಾಯ. ಹೊಸ ಫರ್ನೇಸ್ ಬೇಕಿಲ್ಲ, ಪ್ಯಾಟರ್ನ್ ವಿನ್ಯಾಸ ತಿದ್ದಬೇಕು, ಸಿಮ್ಯುಲೇಷನ್ ಮಾಡಿಸಬೇಕು. ಫರ್ನೇಸಿನ ಮುಚ್ಚಳ ತೆರೆದಿಟ್ಟು ಮೋಲ್ಡಿಗೆ ಕಾಯುವುದು ನಿಂತರೆ ಅದು ಬೇರೆ ಲಾಭ. ಯಂತ್ರ ಬದಲಿಸಲೇಬೇಕಾದರೆ ಬಿಇಇಯ ಅಡೀಟಿ ಯೋಜನೆ ನೋಡಿ. ಫೌಂಡ್ರಿ ಕ್ಷೇತ್ರವೂ ಅದರಲ್ಲಿದೆ. ಸಾಲದ ಬಡ್ಡಿಯಲ್ಲಿ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಶೇ 5, ಮಧ್ಯಮಕ್ಕೆ ಶೇ 3 ರಿಯಾಯಿತಿ. ಕನಿಷ್ಠ ಶೇ 10 ಇಂಧನ ಉಳಿತಾಯ ತೋರಿಸಬೇಕು.

ಕಾರ್ಕಳದ ಗೇರುಬೀಜ ಕಾರ್ಖಾನೆ ನಮ್ಮದು. ಬಾಯ್ಲರಿಗೆ ಗೇರು ಸಿಪ್ಪೆಯನ್ನೇ ಉರಿಸುತ್ತೇವೆ. ನಮ್ಮ ಸ್ಕೋಪ್ 1 ಸೊನ್ನೆಯಲ್ಲವೇ?

ಸೊನ್ನೆಯಲ್ಲ, ಆದರೆ ಬಹಳ ಕಡಿಮೆ. ಸಿಪ್ಪೆಯಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಸ್ಕೋಪ್‌ಗಳ ಹೊರಗೆ ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು. ಜೊತೆಗೆ ಹುಟ್ಟುವ ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್ 1ರಲ್ಲಿ ಬರುತ್ತವೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಅಂಕಿ ಹಿಡಿದರೆ ಇವು ಸಿಪ್ಪೆಯ ಟನ್ನಿಗೆ ಸುಮಾರು 30ರಿಂದ 40 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ತೊಡಕಿರುವುದು ಬೇರೆ ಕಡೆ: ಸ್ವಂತ ಸಿಪ್ಪೆಗೆ ಬಿಲ್ಲಿಲ್ಲ, ತೂಕವಿಲ್ಲ. ದಿನಕ್ಕೆ ಎಷ್ಟು ಬುಟ್ಟಿ ಹಾಕಿದಿರಿ ಎಂದು ಬಾಯ್ಲರ್ ಆಪರೇಟರಿಂದ ಬರೆಸಿ, ವಾರಕ್ಕೊಮ್ಮೆ ಹತ್ತು ಬುಟ್ಟಿ ತೂಗಿ ಸರಾಸರಿ ಹಿಡಿಯಿರಿ. ವೆರಿಫೈಯರಿಗೆ ಇಷ್ಟು ದಾಖಲೆ ಬೇಕು. ಆಫ್ರಿಕಾದಿಂದ ಕಚ್ಚಾ ಬೀಜ ತರಿಸುತ್ತಿದ್ದರೆ ನಿಮ್ಮ ನಿಜವಾದ ಹೊರೆ ಸ್ಕೋಪ್ 3ರಲ್ಲಿದೆ.

ಹುಬ್ಬಳ್ಳಿಯಲ್ಲಿ ನಮ್ಮ ಆಡಳಿತ ಮಂಡಳಿ ಚಾವಣಿ ಮೇಲೆ 100 ಕಿಲೋವ್ಯಾಟ್ ಸೋಲಾರ್ ಹಾಕಲು ಹೊರಟಿದೆ. ಎನರ್ಜಿ ಆಡಿಟರ್ ಮೊದಲು ಕಂಪ್ರೆಸರ್ ನೋಡಿ ಅನ್ನುತ್ತಾರೆ. ಯಾರ ಮಾತು ಸರಿ?

ಆಡಿಟರ್ ಮಾತು. ಭಾನುವಾರ ಯಂತ್ರಗಳೆಲ್ಲ ನಿಂತಿರುವಾಗ ಲೈನಿನ ವಾಲ್ವ್‌ಗಳನ್ನು ತೆರೆದಿಟ್ಟು, ಕಂಪ್ರೆಸರ್ ಮಾತ್ರ ಓಡಿಸಿ. ಎಷ್ಟು ಹೊತ್ತು ಲೋಡ್ (ಗಾಳಿ ತುಂಬುವುದು), ಎಷ್ಟು ಹೊತ್ತು ಅನ್‌ಲೋಡ್ (ತುಂಬದೆ ಬರೀ ತಿರುಗುವುದು) ಎಂದು ಸ್ಟಾಪ್‌ವಾಚ್ ಹಿಡಿದು ಐದಾರು ಸಲ ಬರೆದುಕೊಳ್ಳಿ. ಲೋಡ್ 2 ನಿಮಿಷ, ಅನ್‌ಲೋಡ್ 4 ನಿಮಿಷವಾದರೆ ಆರರಲ್ಲಿ ಎರಡು ಪಾಲು, ಅಂದರೆ ಸಾಮರ್ಥ್ಯದ ಶೇ 33ರಷ್ಟು ಗಾಳಿ ಸೋರಿಕೆಗೇ ಹೋಗುತ್ತಿದೆ. 30 ಕಿಲೋವ್ಯಾಟ್ ಕಂಪ್ರೆಸರ್ ವರ್ಷಕ್ಕೆ 4,800 ಗಂಟೆ ಓಡಿದರೆ, ಸೋರಿಕೆಯನ್ನು ಶೇ 10ಕ್ಕೆ ಇಳಿಸಿದಾಗ ಕಾಗದದ ಮೇಲೆ 33,000 ಯೂನಿಟ್ ಉಳಿಯಬೇಕು. ಅನ್‌ಲೋಡ್‌ನಲ್ಲೂ ಕಂಪ್ರೆಸರ್ ಮೂರನೇ ಒಂದರಷ್ಟು ವಿದ್ಯುತ್ ಎಳೆಯುವುದರಿಂದ ಕೈಗೆ ಸಿಗುವುದು 22,000 ಆಸುಪಾಸು, ಸುಮಾರು 16 ಟನ್ ಇಂಗಾಲದ ಡೈಆಕ್ಸೈಡ್. ವಿಎಫ್‌ಡಿ (ಬೇಕಾದಷ್ಟಕ್ಕೆ ಮೋಟಾರಿನ ವೇಗ ಹೊಂದಿಸುವ ಸಾಧನ) ಇದ್ದರೆ ಇನ್ನೂ ಹೆಚ್ಚು. ಖರ್ಚು ಹೋಸ್ ಪೈಪು, ಕ್ಲಾಂಪು, ಕಪ್ಲಿಂಗು ಮತ್ತು ಸೋಪಿನ ನೀರು. ನಂತರ ಒತ್ತಡವನ್ನೂ ಇಳಿಸಿ ನೋಡಿ: ಒಂದು ಬಾರ್ ಇಳಿಸಿದರೆ ವಿದ್ಯುತ್ ಶೇ 6ರಿಂದ 10 ತಗ್ಗುತ್ತದೆ. ಸೋರಿಕೆಯನ್ನು ಆರು ತಿಂಗಳಿಗೊಮ್ಮೆ ಮತ್ತೆ ಅಳೆಯದಿದ್ದರೆ ಹಳೆಯ ಸ್ಥಿತಿಗೇ ಮರಳುತ್ತದೆ.

ಸೋಲಾರ್ ಬೇಡ ಎಂದಲ್ಲ. 100 ಕಿಲೋವ್ಯಾಟ್‌ನಿಂದ ನಮ್ಮ ಬಿಸಿಲಿಗೆ ವರ್ಷಕ್ಕೆ 1,40,000 ಯೂನಿಟ್, ಸುಮಾರು 100 ಟನ್ ಉಳಿಯುತ್ತದೆ. ಆದರೆ ಆ ವಿದ್ಯುತ್ತಿನ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರವನ್ನು ಬೇರೆಯವರಿಗೆ ಮಾರಿದರೆ ಹಸಿರು ಹಕ್ಕೂ ಅವರಿಗೇ ಹೋಗುತ್ತದೆ, ನಿಮ್ಮ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದು ಬರೆಯುವಂತಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಆ ಷರತ್ತು ಓದಿ.

ಕಳೆದ ಮಳೆಗಾಲದಲ್ಲಿ ಕಂಪನಿಯಿಂದ 2,000 ಸಸಿ ನೆಟ್ಟೆವು. ಅದನ್ನು ಒಟ್ಟು ಲೆಕ್ಕದಿಂದ ಕಳೆಯಬಹುದೇ?

ಇಲ್ಲ. ಹೊರಸೂಸಿದ್ದನ್ನು ಪೂರ್ತಿ ಬರೆಯಿರಿ, ಸಸಿಗಳ ಸಂಗತಿಯನ್ನು ಬೇರೆ ಸಾಲಿನಲ್ಲಿ ತೋರಿಸಿ. ಸಸಿ ಬದುಕಿ ಮರವಾಗಲು ವರ್ಷಗಳೇ ಬೇಕು, ನಿಮ್ಮ ಹೊಗೆ ಈ ವರ್ಷದ್ದು. ಎಸ್‌ಬಿಟಿಐ ಕೂಡ ಕೊಂಡ ಕಾರ್ಬನ್ ಕ್ರೆಡಿಟ್ಟುಗಳನ್ನು ಇಳಿಕೆಯ ಗುರಿಗೆ ಸೇರಿಸಲು ಒಪ್ಪುವುದಿಲ್ಲ. ನೆಟ್ಟವುಗಳಲ್ಲಿ ಈ ಬೇಸಿಗೆ ದಾಟಿದವು ಎಷ್ಟು ಎಂದು ಎಣಿಸಿ, ವರದಿಯಲ್ಲಿ ಆ ಸಂಖ್ಯೆಯನ್ನೇ ಹಾಕಿ.