ಗುಂಡಿಗೆ ಹೆದರಿ ಸೈಕಲ್ ಮಾರಬೇಕೇ?

ಪತ್ರ: ನನ್ನ ಮಗ ಬನಶಂಕರಿಯಿಂದ ಎಂ.ಜಿ. ರಸ್ತೆಯ ಆಫೀಸಿಗೆ ಸೈಕಲ್‌ನಲ್ಲೇ ಹೋಗುತ್ತಾನೆ. ಈ ಸಲದ ಮಳೆಗೆ ನಮ್ಮ ಕಡೆಯ ರಸ್ತೆಯೆಲ್ಲ ಕಿತ್ತುಬಂದಿದೆ. ಮೊನ್ನೆ ನೀರು ತುಂಬಿದ ಗುಂಡಿಗೆ ಬಿದ್ದು ಮಂಡಿ ಒಡೆದುಕೊಂಡು ಬಂದ. ನಿಮ್ಮ ಪತ್ರಿಕೆ ಮಾತ್ರ ಸೈಕಲ್ ತುಳಿಯಿರಿ ಎಂದು ಬರೆಯುತ್ತಲೇ ಇರುತ್ತದೆ. ಇಂಥ ಊರಲ್ಲಿ ಅದು ಸರಿಯೇ? ಸೈಕಲ್ ಮಾರಿ ಸ್ಕೂಟರ್ ಕೊಡಿಸೋಣ ಅಂದುಕೊಂಡಿದ್ದೇನೆ.
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಭಯ ಸುಳ್ಳಲ್ಲ. ಈ ಊರಿನ ಗುಂಡಿಗಳಿಗೆ ಜೀವ ಹೋದವರಿದ್ದಾರೆ. ಹೆತ್ತವರಿಗೆ ಧೈರ್ಯ ಹೇಳುವುದು ಸುಲಭವಲ್ಲ.

ಆದರೆ ಸ್ಕೂಟರ್‌ಗೆ ಗುಂಡಿ ಕಾಣುತ್ತದೆಯೇ? ಅದಕ್ಕೂ ಎರಡೇ ಚಕ್ರ ಅಲ್ವಾ? ಸೈಕಲ್ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬಿದ್ದರೆ ಸ್ಕೂಟರ್ 40ರಲ್ಲಿ ಬೀಳುತ್ತದೆ. ಮಗನ ವಾಹನ ಬದಲಾಯಿಸಿದರೆ ಗುಂಡಿ ಅಲ್ಲೇ ಇರುತ್ತದೆ, ಪೆಟ್ಟು ಜಾಸ್ತಿಯಾಗುತ್ತದೆ.

ನಾವು ಮರೆತ ಒಂದು ಸಂಗತಿ ಇದೆ. ಒಳ್ಳೆಯ ರಸ್ತೆ ಬೇಕೆಂದು ಮೊದಲು ಸಂಘ ಕಟ್ಟಿ ಕೂಗಿದವರು ಕಾರಿನವರಲ್ಲ, ಸೈಕಲ್‌ನವರು. ಇಂಗ್ಲೆಂಡಿನ ಸೈಕಲ್ ಸಂಘದವರು 1886ರಲ್ಲೇ ರಸ್ತೆ ಸುಧಾರಣೆಗೆ ಅಂತಲೇ ಒಂದು ಸಂಸ್ಥೆ ಹುಟ್ಟುಹಾಕಿದರು. ಅಮೆರಿಕದ ಸೈಕಲ್ ಸವಾರರು 1892ರಲ್ಲಿ ಇದಕ್ಕಾಗಿಯೇ ಮಾಸಪತ್ರಿಕೆ ತಂದರು. ಕಾರನ್ನು ಸಾಮಾನ್ಯರ ಕೈಗೆಟುಕಿಸಿದ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂದದ್ದು 1908ರಲ್ಲಿ! ಡನ್ಲಪ್ ಕಥೆ ಇನ್ನೂ ಚೆಂದ. ಬೆಲ್‌ಫಾಸ್ಟ್‌ನ ಈ ಪಶುವೈದ್ಯರು 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅದಕ್ಕೆ ಕಾರಣ ಅವರ ಮಗ. ಆ ಹುಡುಗನ ಮೂರು ಚಕ್ರದ ಸೈಕಲ್ ಒರಟು ಬೀದಿಯಲ್ಲಿ ಕುಲುಕಾಡುತ್ತಿತ್ತು. ಆ ಅಪ್ಪನೂ ಸೈಕಲ್ ಮಾರಲಿಲ್ಲ.

ರಸ್ತೆ ಕಿತ್ತುಬಂದದ್ದಕ್ಕೆ ಎಲ್ಲರೂ ಮಳೆಯನ್ನೇ ಬೈಯುತ್ತೇವೆ. ಜೋರು ಮಳೆ ಬರುವುದು ನಿಜ. 2022ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆದರೆ ಸುರಿದ ನೀರು ಹರಿದು ಹೋದರೆ ಡಾಂಬರಿಗೆ ಅಷ್ಟೇನೂ ಆಗುವುದಿಲ್ಲ. ನಿಂತ ನೀರು ಕೊಲ್ಲುತ್ತದೆ. ಚರಂಡಿ ಕಟ್ಟಿಕೊಂಡಿರುತ್ತದೆ, ನೀರು ಬಿರುಕಿಗೆ ಇಳಿಯುತ್ತದೆ, ಜಲ್ಲಿಗೆ ಅಂಟಿದ ಡಾಂಬರು ಬಿಡುತ್ತದೆ. ಮೇಲೆ ಬಸ್ಸಿನ ಚಕ್ರ ಕುಟ್ಟುತ್ತದೆ. ನಾಲ್ಕು ದಿನಕ್ಕೆ ಗುಂಡಿ. ಅದಕ್ಕೆ ಮಳೆಯಲ್ಲೇ ಜಲ್ಲಿಪುಡಿ ಸುರಿದು ಹೋಗುತ್ತಾರೆ, ಮುಂದಿನ ಮಳೆಗೆ ಅದೂ ಕೊಚ್ಚಿಹೋಗುತ್ತದೆ. ಹೊಸ ಡಾಂಬರು ಆರುವ ಮೊದಲೇ ಪೈಪಿಗೆ, ಕೇಬಲ್ಲಿಗೆ ಅಗೆಯುವವರು ಬೇರೆ.

ನಮ್ಮ ಆಫೀಸಿನ ಹಿಂದಿನ ರಸ್ತೆಯಲ್ಲಿ ಮಳೆನೀರಿನ ಜಾಲರಿಯ ಸರಳುಗಳನ್ನು ಗಾಡಿ ಹೋಗುವ ದಿಕ್ಕಿಗೇ ಉದ್ದಕ್ಕೆ ಕೂರಿಸಿದ್ದರು. ಕಾರಿನವರಿಗೆ ಅದು ಗೊತ್ತೇ ಆಗಲಿಲ್ಲ. ಹಾಲು ಹಾಕುವ ಹುಡುಗನ ಮುಂಚಕ್ರ ಸಂದಿಗೆ ಇಳಿದು ಅವನು ಮುಗ್ಗರಿಸಿದ. ಅರ್ಜಿ ಕೊಟ್ಟು ಕಾದೆವು. ಕೊನೆಗೆ ಪಕ್ಕದ ಗ್ಯಾರೇಜಿನವರೇ ಅಡ್ಡ ಸರಳು ಬೆಸೆದರು. ರಸ್ತೆಯ ತಪ್ಪು ಮೊದಲು ತಿಳಿಯುವುದು ಸೈಕಲ್‌ನವನಿಗೆ. ಅವನ ಮಾತು ಯಾರಿಗೂ ಕೇಳುವುದಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ. ಹೂವು ಮಾರುವವರು, ಸೆಕ್ಯೂರಿಟಿ ಗಾರ್ಡ್‌ಗಳು, ಗಾರೆ ಕೆಲಸದವರು ದಿನವೂ ಸೈಕಲ್ ತುಳಿಯುತ್ತಾರೆ. ಮಾರಿ ಸ್ಕೂಟರ್ ಕೊಳ್ಳುವ ದಾರಿ ಅವರಿಗಿಲ್ಲ. ಅವರಿಂದ ನನಗೆ ಪತ್ರವೂ ಬರುವುದಿಲ್ಲ.

ಈ ಊರು ಅವರಿಗೆ ಏನು ಕೊಟ್ಟಿತು? ಜಯನಗರದಲ್ಲಿ ಸೈಕಲ್ ಪಥ ಮಾಡಿದರು, ಅಲ್ಲಿ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪಥ ಬಿಟ್ಟರು, ಅದೂ ಉಳಿಯಲಿಲ್ಲ. 2019ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಗಗನಯಾತ್ರಿಯ ವೇಷ ತೊಟ್ಟು ಹೇರೋಹಳ್ಳಿಯ ಗುಂಡಿಗಳ ನಡುವೆ ಚಂದ್ರನ ಮೇಲೆ ನಡೆದಂತೆ ನಡೆದರು. ವಿಡಿಯೊ ಊರೆಲ್ಲ ಹರಡಿದ ಮೇಲೆ ರಿಪೇರಿಯವರು ಬಂದರು. ಒಂದು ಗುಂಡಿ ಮುಚ್ಚಿಸಲು ಚಂದ್ರನವರೆಗೆ ಹೋಗಬೇಕೇ?

ಮಗನ ಸೈಕಲ್ ಇರಲಿ. ಟೈರ್ 25 ಮಿಲಿಮೀಟರಿನ ಸಪೂರದ್ದಾಗಿದ್ದರೆ, ಫ್ರೇಮಿಗೆ ಹಿಡಿಯುವಷ್ಟು ಅಗಲದ್ದು ಹಾಕಿಸಿ. 35, 40 ಸಿಕ್ಕರೆ ಒಳ್ಳೆಯದು, ಗಾಳಿ ಸ್ವಲ್ಪ ಕಡಿಮೆ ಇರಲಿ. ಅಂಚಿಗೆ ಅಂಟಿಕೊಂಡು ಹೋಗಬೇಡ ಅನ್ನಿ. ಜಾಲರಿ, ಕೆಸರು, ಮುರಿದ ಡಾಂಬರು ಎಲ್ಲ ಅಲ್ಲೇ ಇರುತ್ತದೆ. ತಳ ಕಾಣದ ನೀರಿಗೆ ಚಕ್ರ ಇಳಿಸುವುದು ಬೇಡವೇ ಬೇಡ.

ನಿಮಗೂ ಒಂದು ಕೆಲಸವಿದೆ. ಸಂಪಾದಕರಿಗೆ ಬರೆದು ಸುಮ್ನೆ ಕೂರಬೇಡಿ. ಇದೇ ಪತ್ರವನ್ನು ವಾರ್ಡ್ ಎಂಜಿನಿಯರ್‌ಗೂ ಕೊಡಿ. ಗುಂಡಿಯ ಫೋಟೊ, ತಾರೀಖು, ಎದುರಿನ ಅಂಗಡಿಯ ಹೆಸರು ಸೇರಿಸಿ, ಸ್ವೀಕೃತಿ ಬರೆಸಿಕೊಳ್ಳಿ. ಒಳ್ಳೆಯ ರಸ್ತೆ ನಾಗರಿಕರ ಹಕ್ಕು, ಕೆಟ್ಟ ರಸ್ತೆಯಿಂದ ಪೆಟ್ಟಾದರೆ ಪರಿಹಾರ ಕೇಳಬಹುದು ಎಂದು 2019ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಮಂಡಿಗೆ ಹಾಕಿಸಿದ ಔಷಧಿಯ ಬಿಲ್ಲು ಇನ್ನೂ ಇದ್ದರೆ ಅದನ್ನೂ ಲಗತ್ತಿಸಿ.